ಮಹಿಳಾ ಮೀಸಲು ಸೀಟಿಗೆ ಪಂಚಾಯಿತಿಗೆ ನಿಲ್ಲಬೇಕಾ, ಇಲ್ಲ ವಿಧಾನಸಭೆ-ಲೋಕಸಭೆಗೆ 33% ಬರುವವರೆಗೆ ಕಾಯಬೇಕಾ?

ನಿಲ್ಲಿ. ಕಾಯಬೇಡಿ. ಉತ್ತರ ಇಷ್ಟೇ. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲಿದೆ: “ಸುಮ್ನೆ ನಿಲ್ಲು, ಓಡಾಟ ಎಲ್ಲ ನಾವು ನೋಡ್ಕೋತೀವಿ ಅಂತ ಮನೆಯವರು ಹೇಳ್ತಿದಾರೆ.” ಅದನ್ನು ಓದಿ ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು ಬರೆಯಲು ಕೂತಿದ್ದೇನೆ. 2020ರ ಡಿಸೆಂಬರ್‌ನಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ಆಗಿತ್ತು.

ನಮ್ಮದು ತುಮಕೂರು ಜಿಲ್ಲೆ. ನಾನು ಪಿಯುಸಿ ಓದಿದ್ದೇನೆ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಊರಲ್ಲಿ ಹೆಸರಿದ್ದದ್ದು ನಮ್ಮ ಯಜಮಾನರಿಗೆ. ಯಾರ ಮನೆಯಲ್ಲಿ ಸಾವಾದರೂ, ಮದುವೆ ಆದರೂ ಮೊದಲು ಹೋಗಿ ನಿಲ್ಲುವವರು. ವಾರ್ಡ್ ಮಹಿಳೆಗೆ ಮೀಸಲಾಗದಿದ್ದರೆ ಅವರೇ ನಿಲ್ಲುತ್ತಿದ್ದರು. ಪೋಸ್ಟರಿನಲ್ಲಿ ನನ್ನ ಫೋಟೋ ಅವರ ಫೋಟೋಗಿಂತ ಚಿಕ್ಕದಾಗಿತ್ತು. ಗೆದ್ದೆವು. ನಾನು ಆಗ “ಗೆದ್ದೆವು” ಅಂತಲೇ ಹೇಳುತ್ತಿದ್ದೆ. ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗ ‘ಅ’ ಮಹಿಳೆಗೆ ಬಂತು. ಆ ವರ್ಗದಲ್ಲಿ ಗೆದ್ದ ಹೆಂಗಸು ನಾನೊಬ್ಬಳೇ. ಹೀಗಾಗಿ 30 ತಿಂಗಳ ಅವಧಿಗೆ ಅವಿರೋಧವಾಗಿ ಅಧ್ಯಕ್ಷೆ ಆದೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನಗೆ ಮೊದಲೇ ಯಾರೂ ಹೇಳಲಿಲ್ಲ.

ಅಧ್ಯಕ್ಷರಾದ ಮೇಲೆ ನಿಮಗೊಂದು ಡಾಂಗಲ್ ಕೊಡುತ್ತಾರೆ. ನೋಡಲು ಪೆನ್‌ಡ್ರೈವ್ ಥರ, ಹೆಬ್ಬೆರಳಿನಷ್ಟು ಉದ್ದ. ಅದರೊಳಗೆ ನಿಮ್ಮ ಡಿಜಿಟಲ್ ಸಹಿ ಇರುತ್ತದೆ, ಅದಕ್ಕೊಂದು ಪಿನ್ ನಂಬರ್. ಪಂಚಾಯಿತಿಯಿಂದ ಯಾರಿಗಾದರೂ ಬಿಲ್ ಹಣ ಹೋಗಬೇಕಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಡಾಂಗಲ್ಲೂ ಬೀಳಬೇಕು, ಅಧ್ಯಕ್ಷರದ್ದೂ ಬೀಳಬೇಕು. ಎರಡೂ ಬಿದ್ದರೇನೇ ದುಡ್ಡು ಹೋಗುವುದು. ಅಂದರೆ ಇಡೀ ಪಂಚಾಯಿತಿಯ ಬೀಗದ ಕೈಯಲ್ಲಿ ಅರ್ಧ ನಿಮ್ಮ ಹತ್ತಿರ ಇದ್ದ ಹಾಗೆ.

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ ಜೋರಾಗಿತ್ತು. ನಮ್ಮ ಅತ್ತೆಗೆ ಜ್ವರ, ಮಗನಿಗೂ ಜ್ವರ, ನಾನು ಮನೆ ಬಿಟ್ಟು ಬರುವ ಹಾಗಿರಲಿಲ್ಲ. ಬ್ಲೀಚಿಂಗ್ ಪೌಡರಿನ ಬಿಲ್ ಅರ್ಜೆಂಟ್ ಅಂತ ಪಂಚಾಯಿತಿಯಿಂದ ಫೋನ್ ಬಂತು. ಯಜಮಾನರು ಹೇಗೂ ಆ ಕಡೆ ಹೊರಟಿದ್ದರು. ಡಾಂಗಲ್ ಕೊಟ್ಟೆ. ಪಿನ್ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವತ್ತಿನ ಮಟ್ಟಿಗೆ ಅದು ನನಗೆ ತಪ್ಪು ಅಂತ ಅನ್ನಿಸಲೇ ಇಲ್ಲ. ಅತ್ತೆ ಹುಷಾರಾದರು, ಮಗ ಹುಷಾರಾದ. ಡಾಂಗಲ್ ಮಾತ್ರ ನನ್ನ ಕೈಗೆ ವಾಪಸ್ ಬರಲಿಲ್ಲ. ನಾನು ಕೇಳಲೂ ಇಲ್ಲ. ಅವರು ಅದನ್ನು ಬೈಕಿನ ಕೀ ಗೊಂಚಲಿಗೆ ಸಿಕ್ಕಿಸಿಕೊಂಡರು. ಬೈಕ್ ಕೀ, ಪಂಪ್‌ಸೆಟ್ ಮನೆ ಬೀಗದ ಕೈ, ಅದರ ಜೊತೆಗೆ ನನ್ನ ಸಹಿ. ದಿನಾ ರಾತ್ರಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ದಿನಾ ನೋಡುತ್ತಿದ್ದೆ. ಒಂದು ದಿನವೂ ಬಿಚ್ಚಿಕೊಳ್ಳಲಿಲ್ಲ.

ಯಾಕೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಹೆದರಿಕೆ ಅಲ್ಲ, ನಮ್ಮ ಯಜಮಾನರು ಗದರುವವರಲ್ಲ. ನನಗೆ ಅದು ಆರಾಮಾಗಿತ್ತು. ಕಂಪ್ಯೂಟರ್ ಮುಂದೆ ಕೂತರೆ ಆಪರೇಟರ್ ಹುಡುಗ “ಇಲ್ಲಿ ಒತ್ತಿ ಮೇಡಂ” ಅನ್ನುತ್ತಿದ್ದ, ನನಗೆ ಏನು ಒತ್ತುತ್ತಿದ್ದೇನೆ ಅಂತ ಗೊತ್ತಾಗುತ್ತಿರಲಿಲ್ಲ, ಕೇಳಲು ನಾಚಿಕೆ. ಕೇಳುವ ನಾಚಿಕೆ ತಪ್ಪಿಸಿಕೊಳ್ಳಲು ಸಹಿಯನ್ನೇ ಕೊಟ್ಟುಬಿಟ್ಟೆ. ನನ್ನ ತಪ್ಪು ಅಂದರೆ ಇದು.

ಮುಂದಿನ ವರ್ಷ ಗ್ರಾಮಸಭೆ. ಶಾಲೆ ಅಂಗಳದಲ್ಲಿ ಶಾಮಿಯಾನ, ನಾನು ಮಧ್ಯದ ಕುರ್ಚಿಯಲ್ಲಿ. ಕಾಲೋನಿಯ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು: “ಅಮ್ಮಾ, ಪೈಪು ನಮ್ಮನೆ ಮುಂದಕ್ಕೆ ಬಂದೈತೆ ಅಂತ ಪುಸ್ತಕದಾಗೆ ಬರ್ದವ್ರಂತೆ. ನಮ್ ಕಣ್ಣಿಗೆ ಯಾಕ್ ಕಾಣ್ತಿಲ್ಲ?”

ನನಗೆ ಯಾವ ಪೈಪು ಅಂತಲೇ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಕಾಲೋನಿಗೆ ಕುಡಿಯುವ ನೀರಿನ ಪೈಪ್‌ಲೈನ್ ಕೆಲಸ. ಅರ್ಧಕ್ಕೆ ಪೈಪ್ ಹೂತಿದ್ದರು. ಕೆಲಸ ಮಾಡಿಸುತ್ತಿದ್ದವರು ಬಂದು, “ಅಣ್ಣಾ, ಕೂಲಿಯವರಿಗೆ ಕೊಡೋಕಿಲ್ಲ, ಬಿಲ್ ಮಾಡಿಸಿಬಿಡಿ, ಉಳಿದಿದ್ದು ಒಂದು ವಾರದಲ್ಲಿ ಮುಗಿಸ್ತೀನಿ” ಅಂತ ಯಜಮಾನರನ್ನು ಕೇಳಿದ್ದರು. ಎಂಬಿ ಪುಸ್ತಕದಲ್ಲಿ, ಅಂದರೆ ಆದ ಕೆಲಸದ ಅಳತೆ ಬರೆಯುವ ಪುಸ್ತಕದಲ್ಲಿ, ಪೂರ್ತಿ ಅಳತೆ ಬರೆದಾಗಿತ್ತು. ಪಿಡಿಒ ಒತ್ತಿದ್ದರು. ಇವರೂ ಒತ್ತಿದರು. ಒಂದು ರೂಪಾಯಿ ಮುಟ್ಟಿರಲಿಲ್ಲ, ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಊರಿನವನಿಗೆ ಸಹಾಯ ಅಂತ ಮಾಡಿದ್ದು. ಆ ಒಂದು ವಾರ ಎಂಟು ತಿಂಗಳಾಯಿತು. ಕೊನೆಯ ಹನ್ನೊಂದು ಮನೆಗಳ ಹೆಂಗಸರು ಅಷ್ಟೂ ದಿನ ಬಿಂದಿಗೆ ಹೊತ್ತರು. ಅವರಿಗೆ ವಿಷಯ ತಿಳಿಸಿದ್ದು ನಮ್ಮ ನೀರುಗಂಟಿ.

ದೂರು ಮೇಲಕ್ಕೆ ಹೋಯಿತು. ನೋಟಿಸ್ ನನ್ನ ಹೆಸರಿಗೆ ಬಂತು. ವಿಚಾರಣೆಗೆ ಹೋದಾಗ ಅಳು ಬಂದು, “ಸಾರ್, ಡಾಂಗಲ್ ನಮ್ಮನೆಯವರ ಹತ್ರ ಇತ್ತು” ಅಂದುಬಿಟ್ಟೆ. ಅಲ್ಲಿದ್ದವರು ಶಾಂತವಾಗಿಯೇ ಹೇಳಿದರು: “ಹಾಗಂತ ಬರೆದುಕೊಡ್ತೀರಾ? ಅದು ಇದಕ್ಕಿಂತ ದೊಡ್ಡ ತಪ್ಪಾಗುತ್ತೆ.” ಸಹಿ ಬೇರೆಯವರ ಕೈಗೆ ಕೊಟ್ಟದ್ದು ಕಾನೂನಿನ ಮುಂದೆ ನೆಪ ಆಗುವುದಿಲ್ಲ, ಇನ್ನೊಂದು ತಪ್ಪು ಆಗುತ್ತದೆ. ನನ್ನ ಪಾಲಿಗೆ ಬಂದ ವಸೂಲಿ ಕಟ್ಟಲು ಸರ ಸೊಸೈಟಿಯಲ್ಲಿ ಅಡ ಇಟ್ಟೆ. ಅದನ್ನು ಬಿಡಿಸಿಕೊಂಡೆ. ಆ ಅಜ್ಜಿ ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಅದು ಇನ್ನೂ ಹಾಗೇ ಇದೆ.

ವಿಚಾರಣೆಗೆ ಹೋಗಿ ಬಂದ ದಿನ ರಾತ್ರಿ ಅತ್ತೆ ಅಡುಗೆಮನೆಗೆ ಬಂದು ಕೂತರು. ಅವರು 1987ರಲ್ಲಿ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಗೆ ಮುಂಚೆ ಇದ್ದದ್ದು) ಸದಸ್ಯೆ ಆಗಿದ್ದವರು. ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬಂದು ಪಂಚಾಯಿತಿಯಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಸಿಗುವ ಮೊದಲೇ, ನಮ್ಮ ರಾಜ್ಯದ 1983ರ ಕಾಯ್ದೆಯಲ್ಲಿ 25% ಮೀಸಲಾತಿ ಇತ್ತು. ನೀರ್ ಸಾಬ್ ಅಂತ ಹಳ್ಳಿ ಜನ ಈಗಲೂ ನೆನೆಯುವ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲ. ಆ ಸೀಟಿನಲ್ಲೇ ಅತ್ತೆ ಗೆದ್ದಿದ್ದು.

“ನಮ್ ಕಾಲ್ದಲ್ಲಿ ಪುಸ್ತಕ ಮನೇಗೇ ತರ್ತಿದ್ರು ಕಣೆ. ನಿಮ್ಮಾವ ತೋರಿಸಿದ ಜಾಗಕ್ಕೆ ಹೆಬ್ಬೆಟ್ಟು ಒತ್ತೀನಿ ಐದು ವರ್ಷ. ನನಗೆ ಓದಕ್ಕೆ ಬರ್ತಿರಲಿಲ್ಲ. ನಿನಗೆ ಬರುತ್ತಲ್ಲ?” ಅಂದರು.

ಎದ್ದು ಹೋಗಿ ಮೊಳೆಯಿಂದ ಗೊಂಚಲು ತೆಗೆದೆ. ಆ ಉಂಗುರ ಬಿಗಿಯಾಗಿತ್ತು, ಉಗುರು ಕಿತ್ತು ಬಂತು. ಯಜಮಾನರು ಮಂಚದ ಮೇಲಿಂದ ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಮಾರನೇ ದಿನ ಹೋಗಿ ಪಿನ್ ಬದಲಾಯಿಸಿದೆ.

30 ತಿಂಗಳಲ್ಲಿ ಸುಮಾರು ಅರ್ಧ ಹೀಗೆ ಹೋಗಿತ್ತು. ಉಳಿದ ಅರ್ಧದಲ್ಲಿ ದಿನಾ 11 ಗಂಟೆಗೆ ಹೋಗಿ ಆಪರೇಟರ್ ಪಕ್ಕ ಕೂತೆ. ಒಂದೊಂದು ಬಿಲ್ಲಿಗೂ “ಇದು ಯಾವುದು, ಎಲ್ಲಿ ಕೆಲಸ, ಫೋಟೋ ತೋರಿಸು” ಅಂತ ಕೇಳಿದೆ. ಮೊದಲ ಹದಿನೈದು ದಿನ ಅವನಿಗೆ ಕಿರಿಕಿರಿ ಆಯಿತು, ಆಮೇಲೆ ತಾನೇ ತೋರಿಸತೊಡಗಿದ. ಕಾಲೋನಿ ಪೈಪ್ ಮುಗಿಯಿತು. ಪಂಚಾಯಿತಿ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಸಭೆ ಇದ್ದ ದಿನ ನಾವು ಏಳು ಜನ ಸದಸ್ಯೆಯರು ಬೆಳಗ್ಗೆಯಿಂದ ನೀರೇ ಕುಡಿಯದೆ ಬರುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಂಡಿರಲೇ ಇಲ್ಲ. ಅದನ್ನು ಕಟ್ಟಿಸಿದ ಮೇಲೆ ಸಭೆಗಳು ಮಧ್ಯಾಹ್ನ ಎರಡರವರೆಗೂ ನಡೆದವು, ಹೆಂಗಸರು ಕೊನೆಯವರೆಗೂ ಕೂತರು. ಮೊದಲು ಎಲ್ಲರೂ ಸಹಿ ಹಾಕಿ 12ಕ್ಕೇ ಎದ್ದು ಹೋಗುತ್ತಿದ್ದೆವು. ಅನುದಾನ ಹಂಚಿಕೆ ಮಾತು ಶುರುವಾಗುತ್ತಿದ್ದದ್ದೇ ಅದಾದ ಮೇಲೆ!

ನೀವು ಕೇಳಿದ್ದು ಲೋಕಸಭೆ, ವಿಧಾನಸಭೆಯ 33%. ಅದರ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಆ ಮಸೂದೆಯನ್ನು ಮೊದಲು ಲೋಕಸಭೆಗೆ ತಂದದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿ ಆಗಿದ್ದಾಗ. ನಾನು ಆಗ ನಾಲ್ಕನೇ ಕ್ಲಾಸು. 2010ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿ ಲೋಕಸಭೆಯಲ್ಲಿ ನಿಂತುಹೋಯಿತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧ 2 ಮತ ಬಿದ್ದು ಪಾಸಾಯಿತು, ರಾಜ್ಯಸಭೆಯಲ್ಲಿ ಒಬ್ಬರೂ ವಿರೋಧಿಸಲಿಲ್ಲ. ನನ್ನ ಅಧಿಕಾರ ಮುಗಿದು ಆಗಷ್ಟೇ ಸ್ವಲ್ಪ ದಿನ ಆಗಿತ್ತು. ಟಿವಿ ಮುಂದೆ ಕೂತು ಕಣ್ಣೀರು ಹಾಕಿಕೊಂಡೆ, ಸಂತೋಷಕ್ಕೇ. ಆದರೆ ಜನಗಣತಿ ಆಗಬೇಕು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಅಂತ ಆ ಕಾನೂನಿನಲ್ಲೇ ಬರೆದಿದ್ದಾರೆ. 27 ವರ್ಷ ಕಾದು ಸಿಕ್ಕಿದ ಕಾನೂನಿಗೆ ಮತ್ತೆ ಕಾಯುವ ಷರತ್ತು.

ಈ ಮಧ್ಯೆ ಲೆಕ್ಕ ಹೇಗಿದೆ ನೋಡಿ. 2023ರಲ್ಲಿ ನಮ್ಮ ವಿಧಾನಸಭೆಯ 224 ಸೀಟಲ್ಲಿ ಗೆದ್ದ ಮಹಿಳೆಯರು 10. ಮೂರನೇ ಒಂದು ಅಂದರೆ ಸುಮಾರು 75. 2024ರಲ್ಲಿ ಕರ್ನಾಟಕದ 28 ಲೋಕಸಭಾ ಸೀಟಿಗೆ 3 ಜನ. ಇಡೀ ಲೋಕಸಭೆಯ 543ರಲ್ಲಿ 74. ಮೀಸಲಾತಿ ಬಂದ ದಿನ ಆ 75 ಸೀಟಿಗೆ ಪಕ್ಷಗಳು ಯಾರನ್ನು ಹುಡುಕುತ್ತವೆ? ಪಂಚಾಯಿತಿಯಲ್ಲಿ ನಮಗೆ 50% ಇದೆ. ಅಲ್ಲಿ ಬಿಲ್ ಓದಲು, ಸಭೆ ನಡೆಸಲು, ಇಲ್ಲ ಅನ್ನಲು ಕಲಿತ ಹೆಂಗಸರು ಇರದಿದ್ದರೆ ದೊಡ್ಡವರ ಮನೆಯ ಹೆಂಡತಿ, ಸೊಸೆ, ಮಗಳು ಅಂತ ಪಟ್ಟಿ ತಯಾರಾಗುತ್ತದೆ. ಅವರಲ್ಲೂ ಕೆಲಸ ಮಾಡುವವರು ಇದ್ದಾರೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಾಲೋನಿಯ ಬಿಂದಿಗೆ ಅವರಿಗೆ ಗೊತ್ತಿರುವುದು ಕಷ್ಟ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 1997ರಲ್ಲಿ ಒಡಿಶಾದ ರಾಯರಂಗಪುರ ಅನ್ನುವ ಸಣ್ಣ ಊರಿನ ನಗರ ಪಂಚಾಯಿತಿ ಸದಸ್ಯೆಯಾಗಿ ಶುರು ಮಾಡಿದವರು. ಶಾಸಕಿ ಆದದ್ದು ಆಮೇಲೆ.

“ಪಂಚಾಯಿತಿ ಹೆಂಗಸರು ಬರೀ ರಬ್ಬರ್ ಸ್ಟಾಂಪ್ ಅಲ್ವಾ” ಅಂತಲೂ ಕೇಳಿದ್ದೀರಿ. ಈ ಮಾತು ನನಗೆ ಒಪ್ಪಿಗೆ ಇಲ್ಲ, ಸಿಟ್ಟೂ ಬರುತ್ತದೆ. ನೋಟಿಸ್ ಬಂದಾಗ ಅದು ಸ್ಟಾಂಪಿಗೆ ಬರುವುದಿಲ್ಲ, ನಿಮಗೆ ಬರುತ್ತದೆ. ಗಂಡ ಒಳ್ಳೆಯವನಾ ಕೆಟ್ಟವನಾ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ನನ್ನ ಗಂಡ ಒಳ್ಳೆಯವರು, ನಾನು ಆದರೂ ಸರ ಅಡ ಇಟ್ಟೆ.

ಹಾಗಾಗಿ ಮನೆಯವರ ಸಹಾಯ ಬೇಡ ಅನ್ನಬೇಡಿ. ಪ್ರಚಾರಕ್ಕೆ ಓಡಾಡಲಿ, ಸಭೆ ದಿನ ಮಕ್ಕಳನ್ನು ನೋಡಿಕೊಳ್ಳಲಿ, ದನಕ್ಕೆ ಹುಲ್ಲು ಹಾಕಲಿ. ನಿಜವಾದ ಸಹಾಯ ಅದು. ಡಾಂಗಲ್ ಮಾತ್ರ ಜ್ವರ ಬಂದರೂ ಕೊಡಬೇಡಿ, ಬಿಲ್ ಎರಡು ದಿನ ತಡವಾದರೆ ಯಾರೂ ಸಾಯುವುದಿಲ್ಲ. ಗೆದ್ದವರಿಗೆ ತರಬೇತಿ ಇರುತ್ತದೆ, ಅದಕ್ಕೆ ಒಬ್ಬರೇ ಹೋಗಿ. ಇನ್ನೊಂದು ಸಣ್ಣ ವಿಷಯ. ನಮ್ಮ ಪಂಚಾಯಿತಿ ಗೋಡೆಯ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಯಜಮಾನರ ಫೋನ್ ನಂಬರ್ ಬರೆಸಿದ್ದರು. ಒಂದು ವರ್ಷದ ಮೇಲೆ ನನ್ನ ಕಣ್ಣಿಗೆ ಬಿತ್ತು. ಪೈಪಿನ ಬಗ್ಗೆ ಆ ಅಜ್ಜಿ ಮೊಮ್ಮಗನ ಕೈಲಿ ಮೂರು ಸಲ ಫೋನ್ ಮಾಡಿಸಿದ್ದರಂತೆ. ಯಾವುದೂ ನನಗೆ ಬಂದಿರಲಿಲ್ಲ. ನೀವು ನಾಮಪತ್ರದಿಂದ ಹಿಡಿದು ಬೋರ್ಡಿನವರೆಗೆ ಎಲ್ಲ ಕಡೆ ನಿಮ್ಮ ನಂಬರೇ ಬರೆಸಿ.

ಗೆದ್ದ ಮೇಲೆ ಮೊದಲ ಸಭೆಗೆ ಮುಂಚೆ ಇಲ್ಲೇ ಒಂದು ಮಾತು ಹಾಕಿ. ನಡಾವಳಿ ಪುಸ್ತಕ (ಸಭೆಯ ತೀರ್ಮಾನ ಬರೆಯುವ ಪುಸ್ತಕ) ಓದುವುದು ಹೇಗೆ, ಸಹಿ ಹಾಕುವ ಮೊದಲು ಖಾಲಿ ಸಾಲು ಬಿಟ್ಟಿದ್ದಾರಾ ಅಂತ ನೋಡುವುದು ಹೇಗೆ ಅಂತ ಕೂತು ಬರೆದುಕೊಡುತ್ತೇನೆ.