ಮೊಬೈಲ್‌ಗೆ ಬರುವ ಮೇಲ್ ಹೊಸ ಲ್ಯಾಪ್‌ಟಾಪ್‌ಗೆ ಏಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹಳೇ ಕಂಪ್ಯೂಟರ್ ಕೈಕೊಟ್ಟಿದ್ದರಿಂದ ಹೊಸ ಲ್ಯಾಪ್‌ಟಾಪ್ ತಂದು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿದ್ದೇನೆ. ಗಿರಣಿಯ ಹೆಸರಿನಲ್ಲೇ ಇರುವ ಇಮೇಲ್ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಸ್ವಲ್ಪ ಹೊತ್ತು ಹುಡುಕಿ ‘ನಿಮ್ಮ ಖಾತೆಯ ಸೆಟ್ಟಿಂಗ್ಸ್ ಸಿಗಲಿಲ್ಲ’ ಎನ್ನುತ್ತದೆ. ಮೊಬೈಲ್‌ನಲ್ಲಿ ಅದೇ ವಿಳಾಸಕ್ಕೆ ಮೇಲ್ ಬರುತ್ತಲೇ ಇದೆ. ಈಚೆಗೆ ನಮ್ಮ ವೆಬ್‌ಸೈಟ್ ಹೊಸದಾಗಿ ಮಾಡಿಸಿದೆವು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಪಾಸ್‌ವರ್ಡ್ ಬದಲಾಯಿಸಿ ನೋಡಲೇ?
– ಓದುಗರು, ಗಂಗಾವತಿ

ಉತ್ತರ: ಪಾಸ್‌ವರ್ಡ್ ಮುಟ್ಟಬೇಡಿ. ಬದಲಾಯಿಸಿದರೆ ಈಗ ಸರಿಯಾಗಿರುವ ಮೊಬೈಲೂ ನಿಲ್ಲುತ್ತದೆ, ಲ್ಯಾಪ್‌ಟಾಪ್ ಮಾತ್ರ ಇದ್ದಲ್ಲೇ ಇರುತ್ತದೆ. ಪಾಸ್‌ವರ್ಡ್ ತಪ್ಪಿದ್ದರೆ ‘ಸರ್ವರ್‌ಗೆ ಲಾಗಿನ್ ಆಗಲಿಲ್ಲ’ ಎಂಬ ಅರ್ಥದ ಬೇರೆಯೇ ಸಾಲು ಬರುತ್ತಿತ್ತು. ನಿಮ್ಮ ತೊಂದರೆ ಅದಕ್ಕೂ ಹಿಂದಿನ ಹೆಜ್ಜೆಯದು: ಯಾವ ಸರ್ವರನ್ನು ಕೇಳಬೇಕು ಎನ್ನುವುದೇ ಥಂಡರ್‌ಬರ್ಡ್‌ಗೆ ಗೊತ್ತಾಗಿಲ್ಲ.

ಅದು ಹುಡುಕುವ ಕ್ರಮ ಹೀಗಿದೆ. ವಿಳಾಸದಲ್ಲಿ @ ಗುರುತಿನ ಮುಂದಿರುವ ಡೊಮೇನ್ ಹೆಸರನ್ನು ಹಿಡಿದುಕೊಂಡು ಮೊದಲು ತನ್ನದೇ ಫೋಲ್ಡರ್‌ನಲ್ಲಿ ನೋಡುತ್ತದೆ. ಅಲ್ಲಿಲ್ಲದಿದ್ದರೆ ‘ಆಟೋಕಾನ್ಫಿಗ್’ ಎಂಬ ಹೆಸರನ್ನು ನಿಮ್ಮ ಡೊಮೇನ್ ಹಿಂದೆ ಸೇರಿಸಿ, ಅಲ್ಲಿ ಸೆಟ್ಟಿಂಗ್ಸ್ ಕಡತ ಇದೆಯೇ ಎಂದು ಕೇಳುತ್ತದೆ. ಆಮೇಲೆ ಥಂಡರ್‌ಬರ್ಡ್‌ನವರೇ ಇಟ್ಟಿರುವ ದೊಡ್ಡ ಪಟ್ಟಿ. ಜಿಮೇಲ್, ಯಾಹೂ ಖಾತೆಗಳು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಸೇರಿಕೊಳ್ಳುವುದು ಈ ಪಟ್ಟಿಯಿಂದಾಗಿ. ಅಲ್ಲೂ ಇಲ್ಲವೆಂದರೆ ನಿಮ್ಮ ಡೊಮೇನಿನ ಮೇಲ್ ಯಾರ ಸರ್ವರ್‌ಗೆ ಹೋಗುತ್ತದೆ ಎಂಬ ಎಂಎಕ್ಸ್ ದಾಖಲೆ ನೋಡಿ, ಆ ಹೆಸರು ಪಟ್ಟಿಯಲ್ಲಿದೆಯೇ ಎಂದು ಪರೀಕ್ಷಿಸುತ್ತದೆ. ಕೊನೆಗೆ ಉಳಿಯುವುದು ಊಹೆ. ಡೊಮೇನ್ ಹಿಂದೆ ‘ಐಮ್ಯಾಪ್’, ‘ಪಾಪ್’ (ಎರಡೂ ಮೇಲ್ ತರಿಸಿಕೊಳ್ಳುವ ವಿಧಾನ), ‘ಮೇಲ್’, ‘ಎಸ್‌ಎಂಟಿಪಿ’ (ಮೇಲ್ ಕಳುಹಿಸುವ ವಿಧಾನ) ಎಂದು ಒಂದೊಂದಾಗಿ ಹಚ್ಚಿ, ರೂಢಿಯ ಪೋರ್ಟ್‌ಗಳಲ್ಲಿ, ಅಂದರೆ ಸರ್ವರಿನ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ, ಯಾರಾದರೂ ಉತ್ತರ ಕೊಡುತ್ತಾರೆಯೇ ಎಂದು ನೋಡುತ್ತದೆ.

ನಿಮ್ಮಂಥ ಸಣ್ಣ ಡೊಮೇನ್‌ಗಳ ಹೆಸರು ದೊಡ್ಡ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಆಟೋಕಾನ್ಫಿಗ್ ದಾಖಲೆ ಇರಬೇಕು, ಇಲ್ಲವೇ ಊಹೆ ಫಲಿಸಬೇಕು. ವೆಬ್‌ಸೈಟ್ ಬದಲಾದಾಗ ಎರಡೂ ತಪ್ಪಿಹೋಗುವುದು ಮಾಮೂಲಿ, ನಿಮ್ಮಲ್ಲಿ ಆಗಿರುವುದೂ ಬಹುತೇಕ ಇದೇ. ಸೈಟ್ ಮಾಡಿಕೊಟ್ಟವರು ಡೊಮೇನಿನ ಡಿಎನ್‌ಎಸ್ ದಾಖಲೆಗಳನ್ನು (ಯಾವ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ಕ್ಲೌಡ್‌ಫ್ಲೇರ್‌ನಂಥ ಸೇವೆಗೆ ವರ್ಗಾಯಿಸಿರುತ್ತಾರೆ. ಸೈಟ್ ಬೇಗ ತೆರೆದುಕೊಳ್ಳಲಿ, ದಾಳಿಯಿಂದ ರಕ್ಷಣೆಯೂ ಸಿಗಲಿ ಎಂಬ ಒಳ್ಳೆಯ ಉದ್ದೇಶಕ್ಕೇ. ಆ ಭರದಲ್ಲಿ ಹೋಸ್ಟಿಂಗ್ ಕಂಪನಿ (ನಿಮ್ಮ ಮೇಲ್‌ಗೆ ಸರ್ವರ್ ಒದಗಿಸುವವರು) ತಾನಾಗಿ ಸೃಷ್ಟಿಸಿದ್ದ ಆಟೋಕಾನ್ಫಿಗ್ ದಾಖಲೆ ಹಳೆಯ ಜಾಗದಲ್ಲೇ ಉಳಿದುಬಿಡುತ್ತದೆ. ‘ಮೇಲ್’ ದಾಖಲೆ ಬಂದರೂ ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ ಮೋಡದ ಚಿಹ್ನೆ ಇರುತ್ತದೆ. ಕಿತ್ತಳೆ ಮೋಡವೆಂದರೆ ಸಂಪರ್ಕವೆಲ್ಲ ಮಧ್ಯದ ಸರ್ವರ್ ಮೂಲಕ ಹೋಗುತ್ತದೆ ಎಂದರ್ಥ. ಆ ಮಧ್ಯವರ್ತಿ ವೆಬ್‌ಪುಟಗಳನ್ನು ದಾಟಿಸುತ್ತದೆಯೇ ಹೊರತು ಮೇಲ್ ಬಳಸುವ 993, 465, 587 ಪೋರ್ಟ್‌ಗಳನ್ನಲ್ಲ. ವೆಬ್‌ಸೈಟ್ ಚೆನ್ನಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಮೊಬೈಲ್‌ಗೆ ಹೇಗೆ ಬರುತ್ತಿದೆ? ಅದರಲ್ಲಿ ಬಹುಶಃ ಹೋಸ್ಟಿಂಗ್ ಕಂಪನಿಯ ಸರ್ವರಿನ ಸ್ವಂತ ಹೆಸರೇ ದಾಖಲಾಗಿದೆ. ನಿಮ್ಮ ಡೊಮೇನಿನಲ್ಲಿ ಏನು ಬದಲಾದರೂ ಅದಕ್ಕೆ ಬಿಸಿ ತಟ್ಟುವುದಿಲ್ಲ. ಪರಿಹಾರವೂ ಅಲ್ಲೇ ಇದೆ. ಮೊಬೈಲಿನ ಮೇಲ್ ಆ್ಯಪ್‌ನಲ್ಲಿ ಖಾತೆಯ ಸೆಟ್ಟಿಂಗ್ಸ್ ತೆರೆದು, ಒಳಬರುವ ಸರ್ವರ್ ಮತ್ತು ಹೊರಹೋಗುವ ಸರ್ವರ್ ಹೆಸರುಗಳನ್ನು ಅಕ್ಷರ ಬಿಡದೆ ಚೀಟಿಯಲ್ಲಿ ಬರೆದುಕೊಳ್ಳಿ.

ಈಗ ಲ್ಯಾಪ್‌ಟಾಪ್‌ನಲ್ಲಿ ಸೆಟ್ಟಿಂಗ್ಸನ್ನು ನಾವೇ ತುಂಬುವ ‘ಮ್ಯಾನ್ಯುಯಲ್’ ಆಯ್ಕೆಗೆ ಹೋಗಿ. (ಥಂಡರ್‌ಬರ್ಡ್ ಆವೃತ್ತಿಗೆ ತಕ್ಕಂತೆ ಈ ಗುಂಡಿಯ ಜಾಗ ಬೇರೆಯಾಗುತ್ತದೆ.) ಎಷ್ಟೋ ಆವೃತ್ತಿಗಳಲ್ಲಿ ಸರ್ವರ್ ಖಾನೆಯೊಳಗೆ ಮೊದಲೇ ಒಂದು ಚುಕ್ಕಿ, ಅದರ ಮುಂದೆ ನಿಮ್ಮ ಡೊಮೇನ್ ಹೆಸರು ಕೂತಿರುತ್ತದೆ. ಚುಕ್ಕಿಯ ಹಿಂದಿನ ಭಾಗ ನೀವು ತುಂಬಲಿ ಎಂದು ಬಿಟ್ಟ ಜಾಗ ಅದು. ಹಾಗೇ ಬಿಟ್ಟು ಮುಂದೆ ಹೋದವರು ಎಷ್ಟೋ ಮಂದಿ. ಪೂರ್ತಿ ಅಳಿಸಿ, ಚೀಟಿಯಲ್ಲಿರುವ ಹೆಸರು ಬರೆಯಿರಿ. ಒಳಬರುವುದಕ್ಕೆ ಐಮ್ಯಾಪ್, ಪೋರ್ಟ್ 993, ಸಂಪರ್ಕದ ಸುರಕ್ಷತೆಗೆ ಎಸ್‌ಎಸ್‌ಎಲ್/ಟಿಎಲ್‌ಎಸ್. ಹೊರಹೋಗುವುದಕ್ಕೆ 465 ಮತ್ತು ಅದೇ ಎಸ್‌ಎಸ್‌ಎಲ್/ಟಿಎಲ್‌ಎಸ್. ಅದು ಒಲ್ಲೆನೆಂದರೆ 587 ಮತ್ತು ಸ್ಟಾರ್ಟ್‌ಟಿಎಲ್‌ಎಸ್ ಎಂಬ ಇನ್ನೊಂದು ಸುರಕ್ಷತಾ ಆಯ್ಕೆ. ಇವನ್ನು ಅದಲು ಬದಲು ಮಾಡಿದರೆ ತಪ್ಪೇನೆಂದೂ ಹೇಳದೆ ಸುಮ್ಮನೆ ತಿರುಗುತ್ತಾ ಕೂರುತ್ತದೆ. ಬಳಕೆದಾರ ಹೆಸರಿನ ಜಾಗದಲ್ಲಿ ಇಡೀ ಇಮೇಲ್ ವಿಳಾಸ ಇರಲಿ. ಕೆಲವೊಮ್ಮೆ @ ಗುರುತಿನವರೆಗಿನ ಭಾಗವಷ್ಟೇ ತುಂಬಿರುತ್ತದೆ, ಹೋಸ್ಟಿಂಗ್ ಮೇಲ್‌ಗಳಲ್ಲಿ ಅಷ್ಟು ಸಾಲುವುದಿಲ್ಲ.

ಸರ್ಟಿಫಿಕೇಟ್ (ಸರ್ವರಿನ ಗುರುತುಪತ್ರ) ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ಒಪ್ಪಿಗೆ ಒತ್ತುವ ಆತುರ ಬೇಡ. ಆ ಸರ್ಟಿಫಿಕೇಟ್ ತೆರೆದು ಅದು ಯಾರ ಹೆಸರಿನಲ್ಲಿದೆ, ಕೊಟ್ಟವರು ಯಾರು ನೋಡಿ. ನಿಮ್ಮ ಹೋಸ್ಟಿಂಗ್ ಕಂಪನಿಯದೇ ಸರ್ವರಿನ ಹೆಸರಿದ್ದರೆ, ಸರ್ವರ್ ಖಾನೆಯಲ್ಲೂ ಅದನ್ನೇ ಹಾಕಬೇಕು ಎಂದು ಅರ್ಥ. ಕೊಟ್ಟವರ ಜಾಗದಲ್ಲಿ ಆಂಟಿವೈರಸ್ ಕಂಪನಿಯ ಹೆಸರಿದ್ದರೆ, ಆ ತಂತ್ರಾಂಶದಲ್ಲಿ ಮೇಲ್ ಸ್ಕ್ಯಾನ್ ಆಫ್ ಮಾಡಿ ಮತ್ತೆ ಪ್ರಯತ್ನಿಸಿ.

ವೆಬ್‌ಸೈಟ್ ಮಾಡಿದವರಿಗೆ ಎರಡು ಕೆಲಸ ಹೇಳಿ. ‘ಮೇಲ್’ ದಾಖಲೆಯ ಮೋಡ ಬೂದು ಬಣ್ಣಕ್ಕೆ ತಿರುಗಬೇಕು, ಹೋಸ್ಟಿಂಗ್ ಕಂಪನಿ ಕೊಡುವ ಆಟೋಕಾನ್ಫಿಗ್ ದಾಖಲೆಯನ್ನು ಹೊಸ ಜಾಗದಲ್ಲೂ ಸೇರಿಸಬೇಕು. ಆಮೇಲೆ ನಿಮ್ಮ ಕಚೇರಿಗೆ ಬರುವ ಮುಂದಿನ ಕಂಪ್ಯೂಟರ್‌ಗೆ ಈ ಚೀಟಿ ಬೇಕಾಗುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯ. ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಗುಜರಿಗೆ ಹಾಕಬೇಡಿ. ಅದರಲ್ಲಿ ಖಾತೆ ಪಾಪ್ ವಿಧಾನದಲ್ಲಿದ್ದರೆ ಹಳೆಯ ಮೇಲ್‌ಗಳು ಸರ್ವರ್‌ನಿಂದ ಇಳಿದು ಆ ಡಿಸ್ಕಿನಲ್ಲಿ ಮಾತ್ರ ಇರಬಹುದು. ಮೊಬೈಲ್‌ನಲ್ಲಿ ಹೋದ ವರ್ಷದ ಬಿಲ್ಲುಗಳು ಕಾಣುತ್ತವೆಯೇ ಎಂದು ಇವತ್ತೇ ಹುಡುಕಿ ನೋಡಿ. ಕಾಣದಿದ್ದರೆ ಡಿಸ್ಕ್ ಬಿಚ್ಚಿಸಿ ಥಂಡರ್‌ಬರ್ಡ್ ಪ್ರೊಫೈಲ್ ಫೋಲ್ಡರ್ ನಕಲು ಮಾಡಿಸಿಕೊಳ್ಳಿ. ನನ್ನ ಮಟ್ಟಿಗೆ ಲ್ಯಾಪ್‌ಟಾಪ್ ಜೋಡಣೆಗಿಂತ ಇದು ಮೊದಲು ಆಗಬೇಕಾದ ಕೆಲಸ.

ಪ್ರಶ್ನೆ: ಜಿಮೇಲ್ ಸೆಟ್ಟಿಂಗ್ಸ್ ಥಂಡರ್‌ಬರ್ಡ್‌ಗೆ ತಕ್ಷಣ ಸಿಗುತ್ತದೆ. ಆದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ನಡೆಯುತ್ತದೆ.
– ಓದುಗರು, ಶಿರಸಿ

ಉತ್ತರ: ಹೊರಗಿನ ತಂತ್ರಾಂಶಗಳು ಬರೀ ಪಾಸ್‌ವರ್ಡ್ ಕೊಟ್ಟು ಒಳಬರುವ ಸೌಲಭ್ಯವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸುತ್ತಾ ಬಂದಿದೆ. ದೃಢೀಕರಣ ವಿಧಾನ ‘ಓಆತ್2’ (ಪಾಸ್‌ವರ್ಡನ್ನು ತಂತ್ರಾಂಶಕ್ಕೆ ಕೊಡದೆ ಗೂಗಲ್‌ನಲ್ಲೇ ಲಾಗಿನ್ ಆಗಿ ಅನುಮತಿ ಕೊಡುವ ವಿಧಾನ) ಎಂದಿರಬೇಕು, ಒಳಬರುವ ಮತ್ತು ಹೊರಹೋಗುವ ಎರಡೂ ಸರ್ವರ್‌ಗಳಿಗೆ. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೆ ಮೇಲ್ ಬರುತ್ತದೆ, ಹೋಗುವುದಿಲ್ಲ. ಆಮೇಲೆ ಗೂಗಲ್‌ನ ಲಾಗಿನ್ ಕಿಟಕಿಯೇ ತೆರೆದುಕೊಳ್ಳುತ್ತದೆ. ತೆರೆದೂ ಮುಂದೆ ಸಾಗದಿದ್ದರೆ ಥಂಡರ್‌ಬರ್ಡ್‌ನ ಖಾಸಗಿತನದ ಸೆಟ್ಟಿಂಗ್ಸ್‌ನಲ್ಲಿ ಕುಕೀಗಳಿಗೆ ಅನುಮತಿ ಇದೆಯೇ ನೋಡಿ. ಅದಿಲ್ಲದೆ ಈ ಲಾಗಿನ್ ಪೂರ್ತಿಯಾಗುವುದಿಲ್ಲ. ಉಳಿಸಿಟ್ಟ ಹಳೆಯ ಪಾಸ್‌ವರ್ಡ್‌ಗಳ ಪಟ್ಟಿಯೂ ಅಲ್ಲೇ ಇರುತ್ತದೆ, ಜಿಮೇಲ್‌ಗೆ ಸೇರಿದ್ದನ್ನು ಅಳಿಸಿ ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ.