ಮ್ಯಾಗ್ನೆಟ್ ಅಂಟಿದ ಕೂಡ್ಲೆ ಉಲ್ಕಾಶಿಲೆ ಆಗುದಿಲ್ಲ

ಪ್ರಶ್ನೆ: ಸರ್ ನಮಸ್ಕಾರ. ನಮ್ಮದು ಪೆರ್ಲದ ಹತ್ರ. ಮನೆ ಕಟ್ಲಿಕ್ಕೆ ಗುಡ್ಡೆ ತಟ್ಟು ಮಾಡುವಾಗ ಜೇಸಿಬಿಗೆ ಸುಮಾರು ನಾಲ್ಕಡಿ ಕೆಳಗೆ ಒಂದು ಕಪ್ಪು ಕಲ್ಲು ಸಿಕ್ಕಿತು. ಗಾತ್ರ ತೆಂಗಿನಕಾಯಿಯಷ್ಟೇ, ಆದ್ರೆ ಎತ್ತುವಾಗ ಭಾರೀ ಭಾರ. ಮೇಲೆಲ್ಲ ಹೆಬ್ಬೆರಳು ಒತ್ತಿದ ಹಾಗೆ ಗುಳಿ, ಒಂದು ಬದಿಯಲ್ಲಿ ಸಣ್ಣ ಸಣ್ಣ ತೂತು. ಮ್ಯಾಗ್ನೆಟ್ ಅಂಟ್ತದೆ. ಸೋದರಮಾವ ನೋಡಿ ಇದು ಆಕಾಶದಿಂದ ಬಿದ್ದದ್ದೇ ಅಂದ್ರು. ಈಗ ಯಾರೋ ಒಬ್ರು ಫೋನ್ ಮಾಡಿ ಕೋಟಿಗಟ್ಲೆ ಬೆಲೆ ಬರ್ತದೆ, ಮೊದ್ಲು ಟೆಸ್ಟಿಂಗ್ ಚಾರ್ಜ್ ಕಳಿಸಿ ಅಂತಿದ್ದಾರೆ. ಎಂತ ಮಾಡುದು?

ಉತ್ತರ: ಮೊದ್ಲು ಆ ಫೋನಿನ ವಿಷಯ ಮುಗಿಸುವ. ಒಂದು ರೂಪಾಯಿ ಸಹ ಕಳಿಸ್ಬೇಡಿ. ರೈಸ್ ಪುಲ್ಲರ್ (ಅಕ್ಕಿ ಎಳೆಯುವ ಪಾತ್ರೆ), ಇರಿಡಿಯಂ ಚೊಂಬು ಅಂತೆಲ್ಲ ಮೋಸ ಮಾಡುವವರದ್ದೂ ಇದೇ ದಾರಿ, ಕೋಟಿಯ ಆಸೆ ತೋರಿಸುದು, ಟೆಸ್ಟಿಂಗ್ ಹೆಸರಲ್ಲಿ ಸಾವಿರಗಟ್ಲೆ ಪೀಕುದು.

ಇನ್ನು ಕಲ್ಲು. ನೀವು ಬರೆದದ್ದು ಓದಿದ್ರೆ ಅದು ನಮ್ಮ ಭೂಮಿದ್ದೇ ಕಲ್ಲು ಅಂತ ಕಾಣ್ತದೆ. ಬೇಜಾರು ಮಾಡ್ಬೇಡಿ, ಯಾಕೆ ಅಂತ ಹೇಳ್ತೇನೆ.

ಹೆಚ್ಚಿನ ಉಲ್ಕಾಶಿಲೆಯಲ್ಲಿ ಲೋಹದ ಕಬ್ಬಿಣ ಇರ್ತದೆ, ಹಾಗಾಗಿ ಮ್ಯಾಗ್ನೆಟ್ ಪರೀಕ್ಷೆ ಮರಳುಗಾಡಿನಲ್ಲಿ ಒಳ್ಳೇದು, ನಮ್ಮ ಕಾಸರಗೋಡಿನ ಗುಡ್ಡೆಯಲ್ಲಿ ಅದನ್ನೊಂದೇ ನಂಬಿದ್ರೆ ಕೆಟ್ಟಿರಿ. ಇಲ್ಲಿ ಅಡಿಯಿಂದ ಮುಡಿವರೆಗೆ ಮುರಕಲ್ಲು, ಅಂದ್ರೆ ಮಳೆನೀರು ಬೇರೆಲ್ಲ ತೊಳ್ಕೊಂಡು ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದದ್ದು. ಆ ಕಬ್ಬಿಣ ಅಲ್ಲಲ್ಲಿ ಗಟ್ಟಿ ಕಟ್ಟಿ ಕಪ್ಪು ಉಂಡೆ ಆಗ್ತದೆ, ಅದ್ರಲ್ಲಿ ಮ್ಯಾಗ್‌ಹೆಮೈಟ್ ಅನ್ನುವ ಖನಿಜ ಇದ್ರೆ ಮ್ಯಾಗ್ನೆಟ್ ಅಂಟಿಯೇ ಅಂಟ್ತದೆ. ಗುಡ್ಡೆಗೆ ಬೆಂಕಿ ಬಿದ್ದ ಜಾಗದಲ್ಲಿ ಈ ಮ್ಯಾಗ್‌ಹೆಮೈಟ್ ಆಗುದು ಜಾಸ್ತಿ. ಹಾಗಾಗಿ ನಿಮ್ಮ ಕಲ್ಲಿಗೆ ಅಂಟಿದ್ದು ದೊಡ್ಡ ಸಂಗತಿ ಅಲ್ಲ. ಮತ್ತೊಂದು ಮಾತು, ಸ್ಪೀಕರಿನೊಳಗಿಂದ ತೆಗೆದ ಜೋರು ಮ್ಯಾಗ್ನೆಟ್ ತಂದು ತಿಕ್ಕಬೇಡಿ, ನಿಜವಾಗ್ಲೂ ಉಲ್ಕಾಶಿಲೆ ಆಗಿದ್ರೆ ಅದ್ರೊಳಗಿನ ಕೋಟ್ಯಂತರ ವರ್ಷ ಹಳೆ ಕಾಂತೀಯ ಗುರುತು ಅಳಿಸಿ ಹೋಗ್ತದೆ.

ಎರಡನೇದು ಆ ತೂತುಗಳು. ನನಗೆ ಜಾಸ್ತಿ ಸಂಶಯ ಬಂದದ್ದೇ ಅಲ್ಲಿ. ಆಕಾಶದಿಂದ ಬಂದದ್ದು ಸುಟ್ಟು ಬಂದದ್ದಲ್ವಾ, ಗುಳ್ಳೆ ಬಂದು ತೂತು ಇರ್ಬೇಕು ಅಂತ ಜನ ಅಂದುಕೊಳ್ತಾರೆ, ಆದ್ರೆ ವಾತಾವರಣದಲ್ಲಿ ಕರಗುದು ಹೊರಗಿನ ಸಿಪ್ಪೆ ಮಾತ್ರ, ಅದೂ ಒಂದು ಮಿಲಿಮೀಟರಿನ ಆಸುಪಾಸು. ಒಳಗೆ ತಣ್ಣಗೇ ಇರ್ತದೆ. ಗುಳ್ಳೆಯ ತೂತು ಇದ್ರೆ ಅದು ಹೆಚ್ಚಾಗಿ ಕಬ್ಬಿಣದ ಕಿಟ್ಟ, ಹಿಂದೆ ಎಲ್ಲಾದ್ರೂ ಕುಲುಮೆ ಇದ್ದ ಜಾಗವಾ ಅಂತ ಹಿರಿಯರ ಹತ್ರ ಒಮ್ಮೆ ಕೇಳಿ. ಹೆಬ್ಬೆರಳಿನ ಗುಳಿ ಉಲ್ಕಾಶಿಲೆಯಲ್ಲಿ ಇರ್ತದೆ ಹೌದು, ಆದ್ರೆ ಮಣ್ಣಿನೊಳಗೆ ನೀರು ತಿಂದ ಕಲ್ಲಿನಲ್ಲೂ ಇರ್ತದೆ.

ಮತ್ತೆ ನಮ್ಮ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಹೊಯ್ಯುವ ಊರಲ್ಲಿ, ಲೋಹದ ಕಬ್ಬಿಣ ಇರುವ ಕಲ್ಲು ನಾಲ್ಕಡಿ ಮಣ್ಣಿನೊಳಗೆ ಎಷ್ಟು ಕಾಲ ತುಕ್ಕು ಹಿಡಿಯದೆ ಕೂತೀತು? ಅಂಟಾರ್ಟಿಕಾದಲ್ಲಿ, ಮರಳುಗಾಡಿನಲ್ಲಿ ರಾಶಿ ಸಿಗುದು ಅದಕ್ಕೇ. ನಮ್ಮ ಉತ್ತರಕ್ಕೆ ಉಡುಪಿಯಲ್ಲಿ 1866ರಲ್ಲಿ, ದಕ್ಷಿಣಕ್ಕೆ ಕುಟ್ಟಿಪ್ಪುರಂನಲ್ಲಿ 1914ರಲ್ಲಿ ಉಲ್ಕಾಶಿಲೆ ಬಿದ್ದ ದಾಖಲೆ ಉಂಟು, ಎರಡೂ ಬಿದ್ದದ್ದನ್ನು ಕಂಡು ಹೆಕ್ಕಿದ್ದೇ ಹೊರತು ಅಗೆಯುವಾಗ ಸಿಕ್ಕಿದ್ದಲ್ಲ.

ಈಗ ನೀವೇ ಮಾಡ್ಬಹುದಾದ ಪರೀಕ್ಷೆ. ಮನೆಯಲ್ಲಿ ಉಳಿದ ಟೈಲ್ಸ್ ತುಂಡು ಇದ್ರೆ ಅದ್ರ ಹಿಂಬದಿ, ಪಾಲಿಶ್ ಇಲ್ಲದ ಬಿಳಿ ಬದಿಯಲ್ಲಿ, ಕಲ್ಲನ್ನು ಒತ್ತಿ ಎಳೀರಿ. ಹೊರಗಿನ ಸಿಪ್ಪೆ ಬೇಡ, ಒಂದು ಮೂಲೆಯನ್ನು ಅರದಲ್ಲಿ ಉಜ್ಜಿ ಹೊಸ ಭಾಗ ಕಾಣುವ ಹಾಗೆ ಮಾಡ್ಕೊಳ್ಳಿ, ಯಾಕೆಂದ್ರೆ ತುಕ್ಕಿನ ಮೇಲೆ ಯಾವ ಕಲ್ಲಾದ್ರೂ ಕಂದು ಗೆರೆ ಬಿಟ್ಟೀತು. ಕೆಂಪು ಅಥವಾ ಹಳದಿ ಮಿಶ್ರ ಕಂದು ಗೆರೆ ಬಂದ್ರೆ ಹೆಮಟೈಟ್, ಗೋಥೈಟ್, ಅಂದ್ರೆ ನಮ್ಮ ಮುರಕಲ್ಲಿನ ಸಂಸಾರವೇ. ಕಡುಕಪ್ಪು ಬಂದ್ರೆ ಮ್ಯಾಗ್ನೆಟೈಟ್, ಅದೂ ಭೂಮಿದ್ದೇ ಕಬ್ಬಿಣದ ಖನಿಜ. ಉಲ್ಕಾಶಿಲೆ ಆದ್ರೆ ಗೆರೆಯೇ ಬರುದಿಲ್ಲ, ಬಂದ್ರೂ ತೆಳು ಬೂದು.

ಅದೇ ಉಜ್ಜಿದ ಮೂಲೆಯನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬೂದು ಕಲ್ಲಿನ ನಡುವೆ ಮಿಣಮಿಣ ಹೊಳೆಯುವ ಲೋಹದ ಚುಕ್ಕೆ, ಜೊತೆಗೆ ಮಿಲಿಮೀಟರಿನಷ್ಟು ಸಣ್ಣ ಉರುಟು ಕಾಳು ಕಂಡ್ರೆ ನಾನೂ ಎದ್ದು ಕೂತ್ಕೊಳ್ತೇನೆ, ಅಂಥ ಕಾಳಿಗೆ ಕಾಂಡ್ರೂಲ್ ಅಂತ ಹೆಸರು, ಭೂಮಿಯ ಕಲ್ಲಿನಲ್ಲಿ ಅದು ಇರುದಿಲ್ಲ. ಇಡೀ ಕಲ್ಲನ್ನು ಕಟ್ಟರಿನಲ್ಲಿ ಕೊಯ್ಸಲಿಕ್ಕೆ ಹೋಗ್ಬೇಡಿ, ಆಸಿಡ್ ಅಂತೂ ಹಾಕ್ಲೇ ಬೇಡಿ.

ಭಾರದ ಲೆಕ್ಕವೂ ನೋಡ್ಬಹುದು: ನೇತಾಡಿಸುವ ತಕ್ಕಡಿಯಲ್ಲಿ ಒಮ್ಮೆ ಹಾಗೇ ತೂಗಿ, ಮತ್ತೆ ಬಕೆಟ್ ನೀರಿನಲ್ಲಿ ಮುಳುಗಿಸಿ ತೂಗಿ, ಎಷ್ಟು ಕಮ್ಮಿ ಆಯ್ತೋ ಅದ್ರಿಂದ ಮೊದಲ ತೂಕವನ್ನು ಭಾಗಿಸಿ. ಸಾಮಾನ್ಯ ಕಲ್ಲಿನ ಜಾತಿಯ ಉಲ್ಕಾಶಿಲೆ 3.3ರಿಂದ 3.7ರ ಒಳಗೆ, ಕಬ್ಬಿಣದ್ದು 7ರ ಮೇಲೆ. ಗ್ರಾನೈಟ್ 2.7. ಆದ್ರೆ ಮುರಕಲ್ಲಿನ ಉಂಡೆಯೂ 3.5ಕ್ಕೆ ಬರ್ಬಹುದು, ಹಾಗಾಗಿ ಇದೊಂದನ್ನೇ ಹಿಡ್ಕೊಂಡು ಕೂರ್ಬೇಡಿ.

ಇಷ್ಟೆಲ್ಲ ಆಗಿಯೂ ಸಂಶಯ ಉಳಿದ್ರೆ ವಿದ್ಯಾನಗರದ ಸರ್ಕಾರಿ ಕಾಲೇಜಿನ ಜಿಯಾಲಜಿ ವಿಭಾಗಕ್ಕೆ ತಕೊಂಡು ಹೋಗಿ ತೋರಿಸಿ, ಅವರಿಗೆ ನಮ್ಮ ಗುಡ್ಡೆಗಳ ಕಲ್ಲು ನೋಡಿ ಅಭ್ಯಾಸ ಉಂಟು. ಉಲ್ಕಾಶಿಲೆ ಅಂತ ಗಟ್ಟಿಯಾದ್ರೆ ಮುಂದಿನದ್ದು ಜಿಯಾಲಜಿಕಲ್ ಸರ್ವೇ ಆಫ್ ಇಂಡಿಯಾದ ಕೆಲಸ, ದೇಶದಲ್ಲಿ ಸಿಕ್ಕಿದ ಉಲ್ಕಾಶಿಲೆಗಳ ಅಧಿಕೃತ ಪಾಲಕರು ಅವ್ರೇ, ತಿರುವನಂತಪುರದಲ್ಲಿ ಅವರ ಕೇರಳದ ಆಫೀಸು. ಹಾಗಾಗಿ ಕೋಟಿಗೆ ಮಾರುವ ಕನಸು ಅಲ್ಲಿಗೂ ನಡೆಯುದಿಲ್ಲ. ಅಷ್ಟರವರೆಗೆ ಒಣ ಬಟ್ಟೆಯಲ್ಲಿ ಸುತ್ತಿ ಇಡಿ, ಸಿಕ್ಕಿದ ಜಾಗದ ಫೋಟೋ ಒಂದು ತೆಗೆದಿಡಿ. ಟೈಲ್ಸಿನಲ್ಲಿ ಕೆಂಪು ಗೆರೆ ಬಂತು ಅಂತಾದ್ರೆ ಈ ಓಡಾಟ ಯಾವುದೂ ಬೇಡ.