ಮಾಳಿಗೆ ಮೇಲಿನ ಸಾಗವಾನಿ ಬೆಂಚಿಗೆ ಏನು ಹಚ್ಚಬೇಕು?

ಕಲಬುರಗಿಯಲ್ಲಿ ಮಾಳಿಗೆ ಮೇಲೆ ಬಯಲಲ್ಲೇ ಇಡಲು ಸಾಗವಾನಿ ಬೆಂಚು ಮಾಡಿಸುತ್ತಿದ್ದೀರಿ, ಬಡಿಗೇರರು ಮೆಲಮೈನ್ ಪಾಲಿಶ್ ಸಾಕು ಅನ್ನುತ್ತಾರೆ, ಅಂಗಡಿಯವರು ಪಿಯು (ಪಾಲಿಯುರೆಥೇನ್) ಪಾಲಿಶ್ ಅನ್ನುತ್ತಾರೆ, ಯಾವುದು ಅಂತ ಕೇಳಿದ್ದೀರಿ.

ಮೆಲಮೈನ್ ಅಂತೂ ಬೇಡವೇ ಬೇಡ. ಅದು ಮನೆಯೊಳಗಿನ ಕಪಾಟಿಗೆ ಸರಿ. ನಾನು ಅಂಗಳದ ಬೆಂಚಿಗೆ ಅದನ್ನೇ ಹಾಕಿಸಿ ಅನುಭವಿಸಿದ್ದೇನೆ. ಯುಗಾದಿಗೆ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಮೇ ಮುಗಿಯುವುದರೊಳಗೆ ಸಣ್ಣ ಸಣ್ಣ ಬಿರುಕು ಬಿಟ್ಟಿತು, ಆಮೇಲೆ ಮಳೆ ನೀರು ಅದರಲ್ಲೇ ಇಳಿದು ಹೊರಗೆ ಬರಲು ದಾರಿಯಿಲ್ಲದೆ ಕೂತು, ದಸರಾ ಹೊತ್ತಿಗೆ ಪದರದ ಕೆಳಗೆಲ್ಲ ಕಪ್ಪು ಕಲೆ. ಕೆರೆದು ತೆಗೆಯಲು ಎರಡು ಭಾನುವಾರ ಹೋಯಿತು.

ಎಲ್ಲರೂ ಮಳೆಗೆ ಹೆದರುತ್ತಾರೆ, ಆದರೆ ನಮ್ಮ ಕಡೆ ಮೊದಲು ಮರ ಕೆಡಿಸುವುದು ಬಿಸಿಲು. ಬೇಸಿಗೆಯ 42-43 ಡಿಗ್ರಿ ಗೊತ್ತೇ ಇದೆಯಲ್ವಾ. ಬಿಸಿಲಿನ ನೇರಳಾತೀತ ಕಿರಣ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನೇ ಒಡೆಯುತ್ತದೆ. ಬಣ್ಣವಿಲ್ಲದ ಪಾಲಿಶ್ ಆದರೆ ಕಿರಣ ಸಲೀಸಾಗಿ ಒಳಗೆ ಹೋಗುತ್ತದೆ, ಕೆಳಗಿನ ಮರ ಸಡಿಲವಾಗಿ ಮೇಲಿನ ಪದರ ಏಳುತ್ತದೆ.

ಅದಕ್ಕೇ ನಾನೀಗ ಹಚ್ಚುವುದು ವಾಲ್‌ನಟ್ ಬಣ್ಣದ ವುಡ್ ಆಯಿಲ್. ಡಬ್ಬಿ ಮೇಲೆ ಎಕ್ಸ್‌ಟೀರಿಯರ್ (ಹೊರಗಿನ ಬಳಕೆಗೆ), ಯುವಿ (ನೇರಳಾತೀತ ಕಿರಣ ತಡೆಯುವಂಥದ್ದು) ಎರಡೂ ಬರೆದಿರಬೇಕು. ಇದು ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ. ಮಾಸಿದಾಗ ತೊಳೆದು, ಒಣಗಿಸಿ, ಹಗುರಾಗಿ ಉಜ್ಜಿ ಇನ್ನೊಂದು ಕೈ ಹಚ್ಚಿದರೆ ಆಯಿತು. ವರ್ಷಕ್ಕೊಮ್ಮೆಯಾದರೂ ಈ ಕೆಲಸ ತಪ್ಪಿದ್ದಲ್ಲ, ಬೇಜಾರು ಅನ್ನುವವರು ಪ್ರೈಮರ್ ಮೇಲೆ ಎನಾಮಲ್ ಪೇಂಟ್ ಹೊಡೆಸಿ ಮರದ ಎಳೆ ಕಾಣುವ ಆಸೆ ಬಿಡಬೇಕು. ಎಕ್ಸ್‌ಟೀರಿಯರ್ ಪಿಯು ಕೆಟ್ಟದ್ದಲ್ಲ, ನೆರಳಿದ್ದರೆ ಚೆನ್ನಾಗಿ ಬಾಳುತ್ತದೆ, ಬಯಲಲ್ಲಿ ಪದರ ಎದ್ದಿತೆಂದರೆ ಮಾತ್ರ ಪೂರ್ತಿ ಉಜ್ಜಿ ತೆಗೆಯಬೇಕು.

ಮನೆಯಲ್ಲಿ ಯಾರಾದರೂ ಅಗಸಿ ಎಣ್ಣೆ ಹಚ್ಚಿ ಅನ್ನಬಹುದು. ಅಗಸಿ ಹಿಂಡಿ ರೊಟ್ಟಿಗೆ ಚೆಂದ, ಗಾಣದ ಎಣ್ಣೆ ಬೆಂಚಿಗೆ ಅಲ್ಲ. ವಾರಗಟ್ಟಲೆ ಅಂಟಂಟಾಗಿ ಧೂಳೆಲ್ಲ ಮೆತ್ತಿಕೊಳ್ಳುತ್ತದೆ, ಮಳೆಗಾಲಕ್ಕೆ ಬೂಸ್ಟು ಬೇರೆ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆ ಬೇಗ ಒಣಗುತ್ತದೆ, ಆದರೆ ಬಿಸಿಲು ತಡೆಯುವುದಿಲ್ಲ. ಒಂದು ಮಾತು, ಯಾವ ಎಣ್ಣೆಯಾದರೂ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ವುಡ್ ಆಯಿಲ್ ಹಚ್ಚುವ ಮೊದಲು 120 ನಂಬರಿನ ಪಾಲಿಶ್ ಪೇಪರ್, ಆಮೇಲೆ 180, ಎಳೆಯ ಉದ್ದಕ್ಕೇ ಉಜ್ಜಿ. ಸುಡು ಬಿಸಿಲಲ್ಲಿ ಹಚ್ಚಬೇಡಿ. ಹಲಗೆಯ ಕೊಯ್ದ ತುದಿ, ಕಾಲಿನ ತಳ ಎಲ್ಲಕ್ಕಿಂತ ಜಾಸ್ತಿ ನೀರು ಕುಡಿಯುತ್ತವೆ, ಅಲ್ಲಿ ಎರಡು ಕೈ ಹೆಚ್ಚಿಗೆ ಹಚ್ಚಿ. ಕಾಲಿನ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಇಟ್ಟರೆ ನಿಂತ ನೀರು ತಾಗುವುದಿಲ್ಲ.

ಬೆಂಚು ಇನ್ನೂ ಬಡಿಗೇರರ ಹತ್ತಿರವೇ ಇದ್ದರೆ ಇವತ್ತೇ ಫೋನ್ ಮಾಡಿ, ಏನೂ ಹಚ್ಚದೆ ಬರಿ ಮರ ಕೊಡಿ ಅಂತ ಹೇಳಿ. ಅವರು ಸುಮ್ನೆ ಒಂದು ಕೈ ಸೀಲರ್ (ಮರದ ರಂಧ್ರ ಮುಚ್ಚುವ ಪದರ) ಹೊಡೆದರೂ ಎಣ್ಣೆ ಒಳಗೆ ಇಳಿಯುವುದಿಲ್ಲ.